ಜಾರಿದ ಕನ್ನಡಕ

ಹೊಳೆಯ ದಂಡೆಯಲ್ಲಿ ಮಠದವರು ನಡೆಸುವ ಸಣ್ಣದೊಂದು ಆಸ್ಪತ್ರೆ. ಅಲ್ಲಿನ ಆಪರೇಷನ್ ಕೋಣೆಯಲ್ಲಿ ಹೊನ್ನವ್ವ ಸಿಸ್ಟರ್ ಮೂವತ್ತು ವರ್ಷದಿಂದ ಡಾಕ್ಟರ ಬಲಗೈ. ಅವರ ಕೈಕೆಳಗೆ ಸಹಾಯಕ ನರ್ಸಿನ ಕೆಲಸ ಕಲಿಯಲು ಬಂದವಳು ದಾನಮ್ಮ.

ದಾನಮ್ಮನಿಗೆ ಇದ್ದದ್ದು ಒಂದೇ ಆಸೆ. ಗವಸು ತೊಟ್ಟು ಮೇಜಿನ ಪಕ್ಕ ನಿಂತು ಡಾಕ್ಟರಿಗೆ ಕತ್ತರಿ, ಚಿಮಟ ಕೊಡಬೇಕು. ಎಲ್ಲ ಸಲಕರಣೆಗಳ ಹೆಸರು ಅವಳಿಗೆ ನೀರು ಕುಡಿದಷ್ಟು ಸಲೀಸು.

ಆರು ತಿಂಗಳಾದರೂ ಸಿಸ್ಟರ್ ಅವಳನ್ನು ಮೇಜಿನಿಂದ ಮೂರು ಹೆಜ್ಜೆ ದೂರವೇ ಇಟ್ಟಿದ್ದರು. ದೀಪ ತಿರುಗಿಸು, ಪೊಟ್ಟಣ ಬಿಡಿಸು, ಸಿಸ್ಟರ ಹಣೆಯ ಬೆವರು ಒರೆಸು, ಅವರ ಕನ್ನಡಕ ಜಾರಿದರೆ ಮೇಲೆ ಸರಿಸು. ತೊಳೆದು ಗವಸು ತೊಟ್ಟ ಕೈ ಮುಖ ಮುಟ್ಟುವಂತಿಲ್ಲವಲ್ಲ!

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು. “ಮೇಜಿನ ಹತ್ತರ ನಾ ಯಾವಾಗ ನಿಲ್ಲೂದ್ರಿ?”

“ಕೈ ನೋಡಾಕ ಕಲತ ಮ್ಯಾಲ.”

“ಯಾರ ಕೈರಿ?”

ಸಿಸ್ಟರ್ ನಕ್ಕು ಚಹಾ ಕುಡಿಯಲು ಹೋದರು.

ಡಾಕ್ಟರ ಕೈಯೇ ಇರಬೇಕು ಎಂದುಕೊಂಡಳು ದಾನಮ್ಮ. ಅಂದಿನಿಂದ ಕಣ್ಣಲ್ಲಿ ಕಣ್ಣಿಟ್ಟು ಆ ಕೈಯನ್ನೇ ನೋಡತೊಡಗಿದಳು.

ಆ ಗುರುವಾರ ಶಹನಾಯಿ ಊದುವ ಯಮನಪ್ಪನಿಗೆ ಹರ್ನಿಯಾ ಆಪರೇಷನ್. ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರು. ಪರದೆಯ ಆಚೆ ಅವನು ಮೆಲ್ಲಗೆ ಯಾವುದೋ ರಾಗ ಗುನುಗುತ್ತಿದ್ದ.

ಹೊಟ್ಟೆಯ ಪದರ ಹರಿದ ಜಾಗಕ್ಕೆ ಆಧಾರವಾಗಿ ಸಣ್ಣ ಬಲೆ ಇಟ್ಟು ಹೊಲಿಯುವ ಹೊತ್ತು ಬಂತು. ದಾನಮ್ಮ ಡಾಕ್ಟರ ಬೆರಳುಗಳಲ್ಲಿ ಮೈಮರೆತಿದ್ದಳು. ಕನ್ನಡಕ ಜಾರಿದ್ದು ಅವಳಿಗೆ ಕಾಣಲಿಲ್ಲ. ಕಂಡದ್ದು, ಸಿಸ್ಟರ ಗವಸಿನ ಕೈ ತಾನಾಗಿ ಮೇಲೆದ್ದು ಕನ್ನಡಕ ಸರಿಸಿ ಕೆಳಗಿಳಿದದ್ದು.

ಡಾಕ್ಟರು ತಲೆ ತಗ್ಗಿಸಿದ್ದರು. ಇನ್ನಾರೂ ನೋಡಿರಲಿಲ್ಲ.

ದಾನಮ್ಮನ ಬಾಯಲ್ಲಿ ಬಿಸಿ ತುಪ್ಪ. ಹೇಳಿದರೆ ಡಾಕ್ಟರ ಎದುರೇ ಗುರುವಿನ ಮಾನ ಹೋದೀತು. ಕನ್ನಡಕ ನೋಡಿಕೊಳ್ಳಬೇಕಾದವಳು ಎಲ್ಲಿ ನೋಡುತ್ತಿದ್ದೆ ಎಂಬ ಪ್ರಶ್ನೆಯೂ ಬಂದೀತು. ಮೇಜಿನ ಆಸೆಗೆ ಅಲ್ಲಿಗೆ ಎಳ್ಳುನೀರು. ಹೇಳದಿದ್ದರೆ ಆ ಕೈ ಮುಟ್ಟಿದ ಬಲೆಯಿಂದ ಯಮನಪ್ಪನ ಹೊಟ್ಟೆಯೊಳಗೆ ಕೀವು ಕಟ್ಟಬಹುದು.

ಸಿಸ್ಟರ ಕೈ ಬಲೆಯತ್ತ ಹೊರಟಿತು.

“ಸಿಸ್ಟರ್, ಮುಟ್ಟಬ್ಯಾಡ್ರಿ. ನಿಮ್ಮ ಕೈ ಕನ್ನಡಕ ಮುಟ್ಟೇತಿ.”

ಡಾಕ್ಟರ ಹುಬ್ಬು ಮೇಲೇರಿತು. ಗುನುಗು ನಿಂತಿತು.

ಸಿಸ್ಟರ್ ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಮುಂದೆ ಚಾಚಿದರು. ದಾನಮ್ಮ ಆ ಗವಸು ಕಳಚಿದಳು. ಅವರು ಮತ್ತೆ ಕೈ ತೊಳೆಯಲು ಹೋದರು.

“ಸಾವಕಾಶ ತೊಳೀರಿ,” ಪರದೆಯ ಆಚೆಯಿಂದ ಯಮನಪ್ಪ ಹೇಳಿದ. “ನಾ ಅಂತೂ ಎದ್ದು ಹೋಗಂಗಿಲ್ಲ.” ಡಾಕ್ಟರಿಗೂ ನಗು ತಡೆಯಲಾಗಲಿಲ್ಲ.

ಹೊಸ ಗವಸು ತೊಟ್ಟು ಬಂದ ಸಿಸ್ಟರ್ ಬಲೆ ಮುಟ್ಟುವ ಮೊದಲು ದಾನಮ್ಮನ ಕಡೆ ಮುಖ ಬಾಗಿಸಿದರು. ಅವಳು ಕನ್ನಡಕ ಮೇಲೆ ಸರಿಸಿದಳು.

ಕೆಲಸ ಮುಗಿದ ಮೇಲೆ ದಾನಮ್ಮ ತಪ್ಪೊಪ್ಪಿಕೊಂಡಳು. ತಾನು ಡಾಕ್ಟರ ಕೈ ನೋಡುತ್ತ ನಿಂತದ್ದರಿಂದಲೇ ಹೀಗಾಯಿತು ಎಂದಳು. ಸಿಸ್ಟರ್ ಕೇಳಿಸಿಕೊಂಡರು. ಆಮೇಲೆ ಕೆಲಸದ ಸರದಿ ಬರೆಯುವ ಗೋಡೆಯ ಹಲಗೆಯ ಬಳಿ ಹೋಗಿ, ನಾಳೆ ಮೇಜಿನ ಪಕ್ಕ ನಿಲ್ಲುವವರ ಜಾಗದಲ್ಲಿ ತಮ್ಮ ಹೆಸರು ಅಳಿಸಿ ದಾನಮ್ಮನ ಹೆಸರು ಬರೆದರು. ತಮ್ಮ ಹೆಸರನ್ನು ಮೂರು ಹೆಜ್ಜೆ ದೂರ ನಿಲ್ಲುವವರ ಸಾಲಿಗೆ ಸೇರಿಸಿದರು.

ದಾನಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಅದರ ಬೆನ್ನಿಗೇ ಒಂದು ಅನುಮಾನವೂ ಹುಟ್ಟಿತು.

“ಸಿಸ್ಟರ್, ಖರೇ ಹೇಳ್ರಿ. ಮರತು ಮುಟ್ಟಿದ್ರೋ, ನನ್ನ ಪರೀಕ್ಷೆ ಮಾಡಾಕ ಮುಟ್ಟಿದ್ರೋ?”

ಹೊನ್ನವ್ವ ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ಅದನ್ನ ಹೇಳಿಬಿಟ್ರ ನಾಳಿಂದ ನೀ ಕೈ ನೋಡೂದು ಬಿಡ್ತಿ, ನಂದೂ, ನಿಂದೂ.”