ಕಾಣದಂತೆ ಹಾಕಿದ ಉಪ್ಪು

ಶಿಷ್ಯೆ ವಾರಿಜಾಕ್ಷಿ ಕೇಳಿದಳು: "ಗುರುಗಳೇ, ಮಗನಿಗೆ ಮನೆಯಲ್ಲೇ ಪಾಠ ಹೇಳಿಕೊಡುತ್ತಿದ್ದೇನೆ. ತಪ್ಪಾಯಿತೆಂದರೆ ಸಾಕು, ಅವನ ಮುಖ ಬಾಡುತ್ತದೆ. ಅವನು ಕಾಣುವ ಮೊದಲೇ ನಾನೇ ತಿದ್ದಿಬಿಟ್ಟರೆ ಆಗದೇ?"

ಗುರುಗಳು ನಕ್ಕರು. "ಒಂದು ಕತೆ ಹೇಳುತ್ತೇನೆ, ಕೇಳಮ್ಮ" ಎಂದು ಶುರುಮಾಡಿದರು.

ಒಬ್ಬ ತಾಯಿ ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿದ್ದಳು. ಅವಳ ಪಾಠಶಾಲೆ ಎಂದರೆ ಅಡುಗೆಮನೆ. ಅಕ್ಕಿ ಅಳೆಯುವ ಪಾವಿನಲ್ಲೇ ಅರ್ಧ, ಕಾಲು ಕಲಿಸಿದಳು. ಡಬ್ಬಿಗಳ ಮೇಲೆ ಬೇಳೆ, ಮೆಂತ್ಯ, ಸಾಸಿವೆ ಎಂದು ಬರೆಸಿ ಅಕ್ಷರ ತಿದ್ದಿಸಿದಳು. ಹೆಚ್ಚು ಸಾಮಾನಿರಲಿಲ್ಲ, ಅನ್ನ, ಸಾರು, ಒಂದು ಪಲ್ಯಕ್ಕೆ ಬೇಕಾದಷ್ಟಿತ್ತು. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಸಾರು ಮಾಡುವ ಕೆಲಸ ಅವಳದೇ ಆಯಿತು.

ತಾಯಿಯ ಅತ್ತೆ-ಮಾವ ಬೇರೆ ಊರಿನಲ್ಲಿದ್ದರು. ಅತ್ತೆಗೆ ಇದು ಸರಿಬೀಳಲಿಲ್ಲ. "ಮನೇಲಿ ಕೂತು ಮಗು ಏನು ಕಲಿಯುತ್ತೆ? ಗೌರಿ ಹಬ್ಬಕ್ಕೆ ಬಂದು ನೋಡ್ತೀನಿ. ಕಲಿತಿಲ್ಲವೋ, ಕರಕೊಂಡು ಹೋಗಿ ನಮ್ಮೂರ ಶಾಲೆಗೆ ಸೇರಿಸ್ತೀನಿ" ಎಂದುಬಿಟ್ಟರು.

ತಾಯಿಗೆ ಮಗಳ ಸಾರಿನದೇ ಚಿಂತೆಯಾಯಿತು. ಮಗಳ ಕೈಯಲ್ಲಿ ಉಪ್ಪು ಯಾವಾಗಲೂ ಕಡಿಮೆ. ಹೇಳಿದರೆ ಎಲ್ಲಿ ಧೈರ್ಯ ಕುಂದೀತೋ ಎಂದು, ಮಗಳು ಅತ್ತ ತಿರುಗಿದಾಗ ರುಚಿ ನೋಡಿ, ಕಡಿಮೆ ಬಿದ್ದಷ್ಟನ್ನು ತಾನೇ ಹಾಕಿ ಕಲಕುತ್ತಿದ್ದಳು. ಉಂಡವರು ಬಾಯಿ ಚಪ್ಪರಿಸುತ್ತಿದ್ದರು. ಮಗಳು ಹಿಗ್ಗುತ್ತಿದ್ದಳು. ಅವಳ ಹಿಗ್ಗು ಕಂಡು ತಾಯಿಯೂ ಹಿಗ್ಗುತ್ತಿದ್ದಳು.

ಹಬ್ಬ ಬಂತು, ಅತ್ತೆ-ಮಾವನೂ ಬಂದರು. ನೈವೇದ್ಯಕ್ಕಿಡುವ ಅಡುಗೆಯನ್ನು ದೇವರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಅತ್ತೆ ಬೇರೆ ಅಡುಗೆಮನೆಯ ಬಾಗಿಲ ಬಳಿಯೇ ಮಣೆ ಹಾಕಿಕೊಂಡು ಕೂತಿದ್ದರು. ತಾಯಿಯ ಕೈ ಉಪ್ಪಿನ ಭರಣಿಯತ್ತ ಹೋಗಿ ಹಿಂದಕ್ಕೆ ಬಂತು. ನಾಲಿಗೆಗೆ ತಾಗಿಸದೆ ಎಷ್ಟು ಕಡಿಮೆಯೆಂದು ಅವಳಿಗಾದರೂ ಹೇಗೆ ತಿಳಿಯಬೇಕು? ಮಗಳು ಎಂದಿನಂತೆ ಉಪ್ಪು ಹಾಕಿ ಸಾರು ಇಳಿಸಿದಳು.

ಪೂಜೆ ಮುಗಿದು ಎಲೆ ಹಾಕಿದರು. ಮಗಳೇ ಸಾರು ಬಡಿಸಿದಳು. ಮಾವ ಒಂದು ತುತ್ತು ಬಾಯಿಗಿಟ್ಟು, ಎಲೆಯ ತುದಿಯಲ್ಲಿದ್ದ ಉಪ್ಪನ್ನು ಅನ್ನಕ್ಕೆ ಕಲಸಿಕೊಂಡರು. ಅತ್ತೆಯೂ ಕಲಸಿಕೊಂಡರು. ಮಗಳು ಸೌಟು ಹಿಡಿದು ನಿಂತೇ ಇದ್ದಳು.

"ಇರಲಿ ಬಿಡು ಕಂದ, ಉಪ್ಪು ಕಡಿಮೆ ಬೀಳೋದು ಎಲ್ಲರ ಮನೇಲೂ ಇದ್ದದ್ದೇ" ಎಂದರು ಅತ್ತೆ. ಶಾಲೆಯ ಮಾತೆತ್ತಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡಳು ತಾಯಿ.

ಮಗಳು ಒಳಗೆ ಬಂದಳು. "ಅಮ್ಮ, ದಿನಾ ಹಾಕೋಷ್ಟೇ ಹಾಕಿದ್ದೆ. ಇವತ್ತು ಮಾತ್ರ ಯಾಕೆ ಸಪ್ಪೆ ಆಯ್ತು?"

ತಾಯಿಗೆ ಸುಳ್ಳಾಡಲು ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮಗಳು ಅಳಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಾ, "ಹಾಗಾದ್ರೆ ನನ್ನ ಲೆಕ್ಕಾನೂ ನೀನೇ ಸರಿ ಮಾಡ್ತಿದ್ದೆಯಾ?" ಎಂದಳು.

ಲೆಕ್ಕವನ್ನು ತಾಯಿ ಎಂದೂ ಮುಟ್ಟಿರಲಿಲ್ಲ. "ಇಲ್ಲ ಕಣೇ, ಖಂಡಿತ ಇಲ್ಲ" ಎಂದಳು. ಮಗಳು ನಂಬಲಿಲ್ಲ. ತನಗೆ ಚೆನ್ನಾಗಿ ಬರುತ್ತಿದ್ದ ಲೆಕ್ಕವನ್ನೂ ಅಂದಿನಿಂದ ಅನುಮಾನದಿಂದಲೇ ಮಾಡತೊಡಗಿದಳು.

ಗುರುಗಳು ಕತೆ ನಿಲ್ಲಿಸಿದರು. ವಾರಿಜಾಕ್ಷಿಗೆ ಆ ತಾಯಿಯ ಮೇಲೆ ಮರುಕ ಉಕ್ಕಿತು.

"ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎನ್ನುತ್ತಾರೆ. ಅವಳು ಉಪ್ಪು ಹಾಕಿದ್ದು ಪ್ರೀತಿಯಿಂದಲ್ಲವೇ ಗುರುಗಳೇ?"

"ಪ್ರೀತಿಯಿಂದಲೇ ಹಾಕಿದಳಮ್ಮ, ಮಗಳ ಕಣ್ಣೆದುರು ಹಾಕಿದ್ದರೆ ಅದೇ ಪಾಠವಾಗುತ್ತಿತ್ತು."