ನೀರುಕಾಗೆ ಪಂಡಿತರ ಗಂಟಲಳತೆ

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಸಿಗಡಿ ಕಡಿಮೆಯಾಗುತ್ತಿದೆಯೆಂದು ಹಕ್ಕಿಗಳೆಲ್ಲ ಸೇರಿ ಸಂಶೋಧನೆಗೆ ನೀರುಕಾಗೆ ಪಂಡಿತರನ್ನು ನೇಮಿಸಿದವು. ಸಿಗಡಿಯ ವಿಷಯವನ್ನು ಅವರಷ್ಟು ಹೊಟ್ಟೆತುಂಬ ತಿಳಿದವರು ಬೇರೆ ಯಾರಿದ್ದಾರೆ ಹೇಳಿ!

ಹಿರಿಯ ಸಿಗಡಿಯೊಂದು ತನ್ನ ತಮ್ಮಂದಿರನ್ನು ಕಟ್ಟಿಕೊಂಡು ಬಂದು ಬೇಡಿಕೊಂಡಿತು: "ಪಂಡಿತರೇ, ಎಳೆಯರು ಬೆಳೆದು ಸಮುದ್ರ ಸೇರುವ ತನಕ ಅವರನ್ನು ಯಾರೂ ಹಿಡಿಯಬಾರದು ಅಂತ ನಿಯಮ ಮಾಡಿಸಿಕೊಡಿ."

"ನ್ಯಾಯವಾದ ಮಾತು ಅಕ್ಕಾ! ಆದರೆ ಎಳೆಯರೆಂದರೆ ಎಷ್ಟು ಗಾತ್ರ? ಅಳೆಯದೆ ನಿಯಮ ಮಾಡಿದರೆ ನಾಲ್ಕು ಜನ ನಗುತ್ತಾರೆ. ನನ್ನ ಗಂಟಲೇ ಅಳತೆಗೋಲು. ಸಿಕ್ಕಿಕೊಂಡರೆ ದೊಡ್ಡವನು, ಜಾರಿದರೆ ಎಳೆಯ."

ಅಕ್ಕ ಬೇಡವೆನ್ನುವಷ್ಟರಲ್ಲಿ ಮೊದಲ ತಮ್ಮ ಜಾರಿದ. ಅವನ ಹಿಂದೆಯೇ ಇನ್ನೊಬ್ಬನೂ ಜಾರಿದ.

"ಎಳೆಯರೇ, ಸಂಶಯವಿಲ್ಲ! ಇಂಥವರನ್ನು ಖಂಡಿತ ಹಿಡಿಯಬಾರದು," ಎಂದರು ಪಂಡಿತರು.

"ಹಾಗಾದರೆ ವಾಪಸು ಕೊಡಿ!"

"ಅಯ್ಯೋ, ಅವರೀಗ ಅಂಕಿಅಂಶ ಕಣಮ್ಮಾ, ಹೊರಗೆ ಬಿಡುವ ಹಾಗಿಲ್ಲ. ಆದರೂ ಒಂದು ಕೊರತೆ ನೋಡು. ಗಂಟಲಲ್ಲಿ ಸಿಕ್ಕಿಕೊಂಡವರು ಇದುವರೆಗೆ ಒಬ್ಬರೂ ಇಲ್ಲ. ಹೋಲಿಕೆಗೆಂದು ನೀನೇ ಒಂಚೂರು ಹತ್ತಿರ ಬಂದರೆ…"

ಸಿಗಡಿ ಉಳಿದ ತಮ್ಮಂದಿರನ್ನು ಬೆನ್ನಿಗೆ ಹಾಕಿಕೊಂಡು, ಆ ಕೊಕ್ಕಿನಿಂದ ಕಣ್ಣು ಕೀಳದೆ, ಬಾಲ ಮಡಚಿ ಬಡಿದು ಹಿಂದಹಿಂದಕ್ಕೆ ಚಿಮ್ಮುತ್ತ ಆಳಕ್ಕಿಳಿಯಿತು.

ಅಂದಿನಿಂದ ಸಿಗಡಿಗಳು ಪಂಡಿತರನ್ನು ಕಂಡರೆ ಹಾಗೆಯೇ ಸರಿಯುತ್ತವೆ. ಪಂಡಿತರು ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ನಿಂತು ಹಕ್ಕಿಗಳಿಗೆ ಹೇಳುತ್ತಾರೆ: "ನೋಡಿದಿರಾ, ನನಗೆ ಬೆನ್ನು ತೋರಿಸುವುದಿಲ್ಲ. ಎಂಥ ಗುರುಭಕ್ತಿ!"