ತಿಕ್ಕಿ ತೊಳೆದ ಕತ್ತಿ

"ಗುರುಗಳೇ, ತೀರಿಕೊಂಡ ನನ್ನ ತಂದೆಯನ್ನು ದಿನವೂ ನೆನೆಯುತ್ತೇನೆ. ನೆನೆದಷ್ಟೂ ಅವರ ಗುಣವೇ ಕಾಣುತ್ತದೆ, ಒಂದು ಕುಂದೂ ಕಾಣದು. ಆದರೆ ಈಚೆಗೆ ಅವರ ದನಿ ಹೇಗಿತ್ತೆಂಬುದೇ ಮರೆತುಹೋಗಿದೆ. ಇಷ್ಟು ನೆನೆದರೂ ಅವರು ದೂರವಾಗುತ್ತಿರುವುದೇಕೆ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಅವನ ತಂದೆಯ ಮಾತನ್ನು ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಹೊಲ, ಎತ್ತು, ಮಕ್ಕಳು ಮರಿ ಎಲ್ಲ ಇದ್ದವು. ಇಲ್ಲದಿದ್ದುದು ಮನೆದೇವರು. ಅವನ ತಂದೆ ಎಳೆಯ ಮಗುವಾಗಿ ಯಾರದೋ ಕಂಕುಳಲ್ಲಿ ಆ ಊರಿಗೆ ಬಂದವನು. ಕರೆತಂದವರು ಬೇಗನೆ ತೀರಿಕೊಂಡರು. ಮಗುವಿಗೆ ಅವರಿಂದ ಉಳಿದದ್ದು ಒಂದು ಕತ್ತಿ ಮಾತ್ರ. ತಾನು ಯಾವ ಸೀಮೆಯವನು, ಯಾವ ದೇವರ ಒಕ್ಕಲು ಎಂಬುದು ತಿಳಿಯದೆಯೇ ಅವನು ಬೆಳೆದ, ಬಾಳಿದ, ಸತ್ತ. ವರ್ಷಕ್ಕೊಮ್ಮೆ ಊರಿನವರು ಬುತ್ತಿ ಕಟ್ಟಿಕೊಂಡು ತಂತಮ್ಮ ಮನೆದೇವರಿಗೆ ಹೊರಡುತ್ತಿದ್ದರು. ರೈತ ಅವರ ಗಾಡಿಗೆ ಎತ್ತು ಹೂಡಿಕೊಟ್ಟು, ಗಾಡಿ ತಿರುವು ದಾಟುವವರೆಗೂ ನೋಡುತ್ತ ನಿಲ್ಲುತ್ತಿದ್ದ. ಹೊಟ್ಟೆಗಿಲ್ಲದ ಸಂಕಟವನ್ನಾದರೂ ಯಾರಲ್ಲಾದರೂ ಹೇಳಿಕೊಳ್ಳಬಹುದು. ಹರಕೆ ಹೊರಲು ಒಂದು ಹೆಸರಿಲ್ಲದ ಮನೆಯ ಸಂಕಟವನ್ನು ಯಾರ ಹತ್ತಿರ ಹೇಳುವುದು?

ಒಮ್ಮೆ ಪಕ್ಕದ ಪಟ್ಟಣಕ್ಕೆ ಹಳೆಯ ಆಯುಧ ಕೊಳ್ಳುವ ವರ್ತಕನೊಬ್ಬ ಬಂದ. ಕತ್ತಿಯನ್ನು ಕೈಗೆ ಕೊಟ್ಟರೆ ಸಾಕು, ಯಾವ ಊರಿನ ಕುಲುಮೆಯದು, ಯಾವ ಮನೆತನದ್ದು ಎಂದು ಹೇಳಿಬಿಡುತ್ತಾನೆಂದು ಸುದ್ದಿಯಾಯಿತು. ಬರಿದೇ ತೋರಿಸಲು ಹೋದರೆ ಯಾವ ವರ್ತಕ ತಾನೇ ಕಣ್ಣೆತ್ತಿ ನೋಡುತ್ತಾನೆ? ಮಾರುತ್ತೇನೆಂದು ಹೇಳಿಯೇ ಒಯ್ಯಬೇಕು. ಮನೆತನ ತಿಳಿದರೆ ಮನೆದೇವರೂ ತಿಳಿದಂತೆ, ಕತ್ತಿ ಹೋದರೆ ಹೋಗಲಿ, ದೇವರು ಸಿಕ್ಕರೆ ಸಾಕು ಎಂದುಕೊಂಡು ರೈತ ಅದನ್ನು ಅಟ್ಟದಿಂದ ಇಳಿಸಿದ.

ಕತ್ತಿಯ ಮೈ ಕಪ್ಪಿಟ್ಟಿತ್ತು. ಹಿಡಿಗೆ ಸುತ್ತಿದ ಬಟ್ಟೆ ಜಿಡ್ಡುಗಟ್ಟಿತ್ತು. ತಂದೆಯಿದ್ದಾಗ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಆಯುಧಪೂಜೆಗೆ ಮನೆಯ ಕುಡುಗೋಲು, ಕೊಡಲಿ ಎಲ್ಲವನ್ನೂ ತೊಳೆಸುತ್ತಿದ್ದವನು ಇದಕ್ಕೆ ಮಾತ್ರ ನೀರು ಸೋಕಿಸಗೊಡದೆ, ಒಂದು ಹೂವಿಟ್ಟು ಕೈಮುಗಿಯುತ್ತಿದ್ದ. ಚಿಕ್ಕಂದಿನಲ್ಲಿ ಒದ್ದೆ ಬಟ್ಟೆ ಹಿಡಿದು ಇದರ ಹತ್ತಿರ ಹೋದದ್ದಕ್ಕೆ ಬೆನ್ನಿಗೆ ಬಿದ್ದ ಏಟು ರೈತನಿಗೆ ಇನ್ನೂ ನೆನಪಿತ್ತು. ಏಟು ಏಕೆ ಬಿತ್ತೆಂದು ಮಾತ್ರ ಅವನು ಯೋಚಿಸಿರಲಿಲ್ಲ. ಸಂಜೆಯ ಹೊತ್ತು ತಂದೆ ಜಗಲಿಯ ಮೇಲೆ ಕತ್ತಿಯನ್ನು ತೊಡೆಗಿಟ್ಟುಕೊಂಡು, ಅದರ ಕಪ್ಪು ಕಲೆಗಳ ಮೇಲೆ ಹೆಬ್ಬೆರಳಾಡಿಸುತ್ತ ಸುಮ್ಮನೆ ಕೂತಿರುತ್ತಿದ್ದ. ಆ ಜಗಲಿಯಲ್ಲಿ ಅವನ ಪಕ್ಕ ಇನ್ನೊಂದು ಸಲ ಕೂರುವಂತಿದ್ದರೆ ಎಂದು ರೈತನ ಕಣ್ಣು ತುಂಬಿತು.

ಆದರೆ ಮಾರಲು ಹೊಡೆದೊಯ್ಯುವ ಎತ್ತನ್ನು ಯಾರಾದರೂ ಸಗಣಿ ಮೆತ್ತಿದ ಮೈಯಲ್ಲೇ ಒಯ್ಯುತ್ತಾರೆಯೆ? ಮೈ ತೊಳೆದು, ಕೊಂಬು ಹೆರೆದು, ಎಣ್ಣೆ ಸವರಿ ಒಯ್ಯುವುದು ರೈತರ ಪದ್ಧತಿ. ಕತ್ತಿಗೂ ಅವನು ಅದೇ ಮರ್ಯಾದೆ ಮಾಡಿದ. ಹಿಡಿಯ ಬಟ್ಟೆಯನ್ನು ಬಿಚ್ಚಿ ಒಲೆಗೆ ಹಾಕಿದ. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಚ್ಚಿ ತಿಕ್ಕಿದ. ಅಲಗಿನ ಬುಡದಲ್ಲಿ ಏನೋ ಗೀಚಿದಂತಿತ್ತು, ಅದನ್ನೂ ಕಲ್ಲಿಗೆ ಉಜ್ಜಿ ನುಣುಪು ಮಾಡಿದ. ಕತ್ತಿ ಫಳಫಳ ಹೊಳೆಯಿತು. ತಂದೆಯನ್ನೇ ಮೀಯಿಸಿ ಮಡಿ ಉಡಿಸಿದಷ್ಟು ಸಂತೋಷವಾಯಿತು ಅವನಿಗೆ.

ಪಟ್ಟಣಕ್ಕೆ ಹೋಗಿ, "ಬೆಲೆ ನೀವು ಹೇಳಿದ್ದೇ ಆಗ್ಲಿ ಶೆಟ್ರೆ. ಇದು ಯಾವ ಸೀಮೇದು, ಯಾರ ಮನೇದು ಅಂತ ಮೊದ್ಲು ಹೇಳ್ಬುಡಿ" ಎಂದ.

ವರ್ತಕ ಕತ್ತಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅಲಗಿನ ಬುಡದಲ್ಲಿ ಉಗುರಾಡಿಸಿದ. ಕಡೆಗೆ, "ಇದನ್ನ ತೊಳೆದೋರು ಯಾರು ಯಜಮಾನ್ರೆ?" ಎಂದು ಕೇಳಿದ.

"ನಾನೇ. ಭಾಳ ಕೊಳೆಯಾಗಿತ್ತು."

"ಆ ಕೊಳೇಲೇ ಎಲ್ಲಾ ಇತ್ತಲ್ಲ. ಕಬ್ಬಿಣ ಕಪ್ಪಾಗಿರೋ ಬಗೆ ನೋಡಿ ಕುಲುಮೆ ಹೇಳ್ತೀವಿ. ಬುಡದಲ್ಲಿ ಗೀಚಿರೋದು ಕಮ್ಮಾರನ ಗುರುತು. ಹಿಡಿಗೆ ಸುತ್ತೋದು ಮನೆದೇವರ ಗುಡೀಲಿ ಕೊಟ್ಟ ಬಟ್ಟೆ, ಅದರ ನೇಯ್ಗೆ ಕಂಡಿದ್ರೆ ದೇವರು ಯಾವುದು ಅಂತ ಹೇಳ್ತಿದ್ದೆ. ಇಂಥ ಹಿಡಿಯಂತೂ ಎಲ್ಲಾ ಸೀಮೇಲೂ ಉಂಟು. ಈಗ ಇದರಲ್ಲಿ ನೋಡಿದ್ರೆ ನಿಮ್ಮ ಮುಖ ಕಾಣುತ್ತೆ. ಇನ್ನೇನೂ ಕಾಣಲ್ಲ."

ರೈತ ಕತ್ತಿಯನ್ನು ಮಾರಲಿಲ್ಲ. ವರ್ತಕನೂ ಒತ್ತಾಯ ಮಾಡಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರುಂಟು, ಅವರಿಗೆ ಬೆಣ್ಣೆಯಾದರೂ ಉಳಿಯುತ್ತದೆ. ಇವನಿಗೆ ಅದೂ ಉಳಿಯಲಿಲ್ಲ. ದಾರಿಯುದ್ದಕ್ಕೂ ಅತ್ತ. ಮನೆಗೆ ಬಂದವನೇ ಒಲೆಯ ಮುಂದೆ ಕೂತು ಬೂದಿಯನ್ನು ಕೆದಕತೊಡಗಿದ. ಹೆಂಡತಿ ಏನು ಹುಡುಕುತ್ತೀ ಎಂದು ಕೇಳಿದರೂ ಕೆದಕುತ್ತಲೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಪ್ರೀತಿಯಿಂದಲೇ ತಿಕ್ಕಿದನಲ್ಲ" ಎಂದ ಮರುಳಯ್ಯ.

"ಹೌದು, ಪ್ರೀತಿಯಿಂದಲೇ" ಎಂದರು ಗುರುಗಳು. ಆಮೇಲೆ ಅವನ ಮುಖ ನೋಡಿ ಮೆಲ್ಲಗೆ ಕೇಳಿದರು:

"ನಿನ್ನ ತಂದೆಗೆ ಸಿಟ್ಟು ಬಂದಾಗ ನಿನ್ನನ್ನು ಏನೆಂದು ಬಯ್ಯುತ್ತಿದ್ದರು, ಮರುಳಯ್ಯ?"